ವ್ಯಾನಿನ ಋಣ

ಹಳೆಯ ವಸ್ತುವೊಂದು ಮನೆ ಬಿಟ್ಟು ಹೋದಾಗ ನಮ್ಮಲ್ಲಿ ಹೇಳುವ ಮಾತೊಂದಿದೆ: ‘ಅದರ ಋಣ ಇದ್ದದ್ದೇ ಅಷ್ಟು.’ ಹಸು ಮಾರಿದಾಗಲೂ ಅದೇ ಮಾತು, ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ತೂಕಕ್ಕೆ ಹಾಕಿದಾಗಲೂ ಅದೇ ಮಾತು. ದುಡ್ಡು ಎಣಿಸಿಕೊಳ್ಳುವ ಕೈಗೆ ಇದು ಬಹಳ ಅನುಕೂಲದ ಮಾತು ನೋಡಿ. ಕೊಂಡವನು ಗೇಟು ದಾಟಿದ ಕೂಡಲೇ ಋಣ ಹರಿಯಿತು. ನಾವು ಒಳಗೆ ಬಂದು ಕಾಫಿಗೆ ನೀರಿಡಬಹುದು. ನಿಜಕ್ಕೂ ಅಷ್ಟು ಸುಲಭವಾಗಿ ಹರಿಯುತ್ತದೆಯೇ? ನನಗೆ ಈ ಸಂಶಯ ಹುಟ್ಟಿಸಿದ್ದು ಯಾವ ವೇದಾಂತದ ಗ್ರಂಥವೂ ಅಲ್ಲ, ನಮ್ಮ ಮನೆಯ ಮಾರುತಿ ಓಮ್ನಿ.

ಓಮ್ನಿಯ ಪರಿಚಯ ಯಾರಿಗೆ ಬೇಕು! ನಮ್ಮಂಥ ಊರುಗಳಲ್ಲಿ ಅದು ಬರೇ ‘ವ್ಯಾನು’. 1984ರಲ್ಲಿ ಮಾರುತಿ ವ್ಯಾನ್ ಎಂದೇ ರಸ್ತೆಗಿಳಿದು, 1988ರಲ್ಲಿ ಓಮ್ನಿ ಎಂಬ ಹೆಸರು ಪಡೆದು, 2019ರವರೆಗೂ ತಯಾರಾಯಿತು. ಸಿನಿಮಾದವರು ಅದನ್ನು ನಾಯಕಿಯನ್ನು ಹೊತ್ತೊಯ್ಯುವ ಖಳರಿಗೆ ಕೊಟ್ಟುಬಿಟ್ಟರು. ಊರಿನವರು ಮಾತ್ರ ಅದರಲ್ಲಿ ಬಾಣಂತಿಯರನ್ನು ಕರೆತಂದರು, ಮದುವೆಯ ದಿಬ್ಬಣ ಒಯ್ದರು, ಅಡಿಕೆ ಮೂಟೆ ಹೇರಿದರು, ಶಾಲೆಯ ಮಕ್ಕಳನ್ನು ತುಂಬಿದರು. ನಾವು ಸಾಗರದಲ್ಲಿ 1998ರಲ್ಲಿ ಕೊಂಡೆವು. ಮೂರು ಸಿಲಿಂಡರಿನ, 796 ಸಿ.ಸಿ.ಯ ಪುಟ್ಟ ಎಂಜಿನ್ನು. ಅದೂ ಮುಂದಿನ ಸೀಟಿನ ಅಡಿಯಲ್ಲಿ. ಬೇಸಿಗೆಯಲ್ಲಿ ದೂರ ಹೋದರೆ ಒಲೆಯ ಕಟ್ಟೆಯ ಮೇಲೆ ಕೂತ ಅನುಭವ. ಆದರೆ ಪಕ್ಕಕ್ಕೆ ಜಾರುವ ಬಾಗಿಲು, ತಗ್ಗಿನ ನೆಲ, ಇವು ಸೀರೆಯುಟ್ಟವರಿಗೆ, ಮಂಡಿನೋವಿನ ಅತ್ತೆಯಂಥವರಿಗೆ ಎಂಥ ಉಪಕಾರ ಎಂಬುದು ಎತ್ತರದ ಈಗಿನ ಕಾರುಗಳಿಗೆ ಹತ್ತಿ ಇಳಿದವರಿಗೇ ಗೊತ್ತು. ಸಿಗಂದೂರಿಗೆ ಹೋಗುವಾಗ ಶರಾವತಿಯ ಹಿನ್ನೀರಿನ ಲಾಂಚಿನ ಮೇಲೆ ಅದು ಎಷ್ಟು ಸಲ ನಿಂತಿದೆಯೋ ಲೆಕ್ಕವಿಲ್ಲ. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯಾಯಿತು.

ಸ್ವಂತ ಬಳಕೆಯ ಗಾಡಿಗೆ ಕಾನೂನು ಮೊದಲಿಗೆ ಕೊಡುವ ಆಯುಸ್ಸು 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಗೆ ಒಯ್ದು ನೋಂದಣಿ ನವೀಕರಿಸಬೇಕು. 2013ರಲ್ಲಿ, 2018ರಲ್ಲಿ ನಮ್ಮದು ತೇರ್ಗಡೆಯಾಯಿತು. 2023ರ ಹೊತ್ತಿಗೆ ಮೂರು ಸಂಗತಿ ಬದಲಾಗಿದ್ದವು. 2022ರ ಏಪ್ರಿಲ್‌ನಿಂದ ನವೀಕರಣದ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ನಮ್ಮವರ ಕಣ್ಣು ಮಂಜಾಗಿ ಸ್ಟಿಯರಿಂಗ್ ನನ್ನ ಕೈಗೆ ಬಂದಿತ್ತು. ಮತ್ತು ವ್ಯಾನಿನ ತಳ ಹೋಗಿತ್ತು.

ಮಲೆನಾಡಿನ ಮಳೆ ಕಬ್ಬಿಣವನ್ನು ತಿನ್ನುವ ರೀತಿ ಗೆದ್ದಲು ಮರವನ್ನು ತಿನ್ನುವ ಹಾಗೆಯೇ: ಹೊರಗಿನ ಮೈ ಬಿಟ್ಟು ಒಳಗಿನಿಂದ. ಜಾರುವ ಬಾಗಿಲಿನ ಕೆಳಗಿನ ಹಳಿಯಲ್ಲಿ ಕೆಸರು ಕೂರುತ್ತದೆ, ಕೆಸರಿನಲ್ಲಿ ನೀರು ಕೂರುತ್ತದೆ. ನೆಲಕ್ಕೆ ಹಾಸಿದ ಮ್ಯಾಟಿನ ಅಡಿಯಲ್ಲಿ ಜೂನ್ ತಿಂಗಳ ತೇವ ನವೆಂಬರಿನವರೆಗೂ ಆರುವುದಿಲ್ಲ. ನಮ್ಮ ಮೆಕ್ಯಾನಿಕ್ ಮ್ಯಾಟು ಎತ್ತಿ, ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದ. ಅದು ನೆಲ ತೂರಿ ಕೆಳಗೆ ಹೋಯಿತು. ‘ಅಮ್ಮ, ಮೇಲಿಂದ ನೋಡಿದ್ರೆ ಮದುಮಗಳು, ಕೆಳಗಿಂದ ನೋಡಿದ್ರೆ ಜರಡಿ’ ಎಂದ.

ಎರಡು ತಿಂಗಳು ಅದು ಅವನ ಶೆಡ್ಡಿನಲ್ಲಿತ್ತು. ಟಿಂಕರಿಂಗ್‌ನವನು ಕೊಳೆತ ತಗಡನ್ನು ಕತ್ತರಿಸಿ ತೆಗೆದು, ಗಟ್ಟಿ ಲೋಹ ಸಿಗುವಲ್ಲಿಯವರೆಗೆ ಹೋಗಿ, ಹೊಸ ತಗಡು ಬೆಸೆದ. ಇಲ್ಲೊಂದು ಸೂಕ್ಷ್ಮವಿದೆ. ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಎರಡು ಮಳೆಗಾಲ ಯಾರಿಗೂ ಗೊತ್ತಾಗುವುದಿಲ್ಲ, ಖರ್ಚು ಕಾಲುಭಾಗ. ಮಾರುವ ಗಾಡಿಗೆ ಹಾಗೆ, ಇಟ್ಟುಕೊಳ್ಳುವ ಗಾಡಿಗೆ ಹೀಗೆ ಎಂದು ಗ್ಯಾರೇಜಿನಲ್ಲಿ ಎರಡು ಬಗೆಯ ಕೆಲಸಗಳೇ ಇವೆಯಂತೆ. ‘ನಿಮ್ದು ಯಾವ್ದು ಅಮ್ಮ?’ ಎಂದು ಅವನು ಸಹಜವಾಗಿ ಕೇಳಿದ. ಆ ಪ್ರಶ್ನೆ ನನ್ನ ತಲೆಯಲ್ಲಿ ಬಹಳ ದಿನ ಉಳಿಯಿತು.

ತಗಡಿನ ಕೆಲಸ ಮುಗಿದ ಮೇಲೆ ರೆಡ್ ಆಕ್ಸೈಡ್, ಅಡಿಗೆ ಟಾರಿನಂಥ ಲೇಪ, ಮೇಲೆ ಬಿಳಿ ಬಣ್ಣ. ಟೈಮಿಂಗ್ ಬೆಲ್ಟು, ಕ್ಲಚ್ ಪ್ಲೇಟು, ರೇಡಿಯೇಟರಿನ ಕೊಳವೆಗಳು ಹೊಸವು ಬಂದವು. ಕಾರ್ಬ್ಯುರೇಟರನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಕೂದಲೆಳೆಯಂಥ ರಂಧ್ರಗಳಿಗೆ ಗಾಳಿ ಊದಿ ಜೋಡಿಸಿದ. ಪೆಟ್ರೋಲಿನ ರಬ್ಬರ್ ಕೊಳವೆಗಳನ್ನು ಈಚೆಗೆ ಮತ್ತೆ ಬದಲಾಯಿಸಬೇಕಾಯಿತು. ಪೆಟ್ರೋಲಿಗೆ ಶೇಕಡಾ 20ರಷ್ಟು ಎಥೆನಾಲ್ ಬೆರೆಸುವುದು ದೇಶದ ಉದ್ದಗಲಕ್ಕೂ ಬಂದಿದೆಯಲ್ಲ, 1998ರ ರಬ್ಬರು ಅದಕ್ಕಾಗಿ ಮಾಡಿದ್ದಲ್ಲ. ಇದನ್ನೆಲ್ಲ ನಾನು ಒಂದು ಹಳೆಯ ಡೈರಿಯಲ್ಲಿ ತಾರೀಖು ಸಹಿತ ಬರೆದಿಟ್ಟಿದ್ದೇನೆ. ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆದ ಕೈಗೆ ಅದೇನು ದೊಡ್ಡ ಕೆಲಸವಲ್ಲ.

ಡೈರಿ ಓದುತ್ತಾ ಹೋದರೆ ಒಂದು ತಮಾಷೆಯ ಪ್ರಶ್ನೆ ಏಳುತ್ತದೆ. ನೆಲ ಬೇರೆ, ಬಣ್ಣ ಬೇರೆ, ಸೀಟಿನ ಬಟ್ಟೆ ಬೇರೆ, ಎಡಬಾಗಿಲು ಗುಜರಿಯಿಂದ ತಂದದ್ದು. ಹಾಗಾದರೆ ‘ನಮ್ಮ ವ್ಯಾನು’ ಎಲ್ಲಿದೆ? ಪಾಲಿ ಭಾಷೆಯ ಮಿಲಿಂದಪನ್ಹದಲ್ಲಿ ಭಿಕ್ಷು ನಾಗಸೇನ ಗ್ರೀಕ್ ಮೂಲದ ಅರಸ ಮಿಲಿಂದನನ್ನು ಇದೇ ಧಾಟಿಯಲ್ಲಿ ಕಾಡಿಸುತ್ತಾನೆ. ನೀನು ಬಂದದ್ದು ರಥದಲ್ಲಿ ತಾನೆ, ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಯಾವುದೂ ಅಲ್ಲ ಎಂದು ಅರಸ ಒಪ್ಪಬೇಕಾಗುತ್ತದೆ. ಭಾಗಗಳೆಲ್ಲ ಕೂಡಿದಾಗ ಇಟ್ಟುಕೊಂಡ ಹೆಸರಷ್ಟೇ ರಥ. ಮನುಷ್ಯನ ‘ನಾನು’ ಕೂಡ ಹಾಗೆಯೇ ಎಂಬುದು ಭಿಕ್ಷುವಿನ ಗುರಿ. ಅತ್ತ ಗ್ರೀಕರಲ್ಲೂ ಥೀಸಿಯಸ್ ಎಂಬ ವೀರನ ಹಡಗಿನ ಕಥೆಯಿದೆ: ಹಲಗೆ ಕೊಳೆತ ಹಾಗೆಲ್ಲ ಬದಲಾಯಿಸುತ್ತಾ ಹೋದರು, ಕೊನೆಗೆ ಅದು ಅದೇ ಹಡಗೇ ಎಂದು ಪಂಡಿತರು ಜಗಳ ಕಾದರು. 17ನೆಯ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಹಾಬ್ಸ್ ಇನ್ನೊಂದು ಕೀಟಲೆ ಸೇರಿಸಿದ. ತೆಗೆದ ಹಲಗೆಗಳನ್ನೆಲ್ಲ ಒಬ್ಬ ಕೂಡಿಟ್ಟು ಇನ್ನೊಂದು ಹಡಗು ಕಟ್ಟಿದರೆ ಯಾವುದು ನಿಜವಾದದ್ದು? ಹಾಬ್ಸ್ ನಮ್ಮ ಗುಜರಿ ಅಂಗಡಿ ನೋಡಿರಲಿಲ್ಲ. ನಮ್ಮ ಹಳೆಯ ಹಿಂಬಾಗಿಲು ಈಗ ತರಕಾರಿ ಮಾರುವವರ ವ್ಯಾನಿನಲ್ಲಿದೆ. ಸಂತೆಯಲ್ಲಿ ಕಂಡಾಗ ಅದರ ಮೇಲಿನ ಗೀರಿನಿಂದ ಗುರುತು ಹಿಡಿದೆ.

ಪಂಡಿತರ ಈ ಜಗಳದಲ್ಲಿ ಒಂದು ಕೊರತೆ ನನಗೆ ಕಾಣುತ್ತದೆ. ಹಲಗೆ ಬದಲಾಯಿಸಿದವರು ಯಾರು ಎಂದು ಯಾರೂ ಕೇಳಲಿಲ್ಲ. ಯಾವ ಹಲಗೆ ಮೆತ್ತಗಾಗಿದೆ ಎಂದು ದಿನವೂ ಒತ್ತಿ ನೋಡಿದ ಒಂದು ಕೈ ಇರಲೇಬೇಕಲ್ಲವೇ? ಹೆಂಗಸರಾದ ನಮಗೆ ಆ ಕೈಯ ಪರಿಚಯ ಚೆನ್ನಾಗಿದೆ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಮಾಡಬಾರದೆಂದು, ರುಬ್ಬುವ ಕಲ್ಲು ನುಣುಪಾದರೆ ಉಳಿ ಹೊಡೆಸಬೇಕೆಂದು ಮನೆಯಲ್ಲಿ ಯಾರಿಗೆ ಗೊತ್ತಿತ್ತು? ನಿಭಾಯಿಸುವ ಕೆಲಸ ಕಣ್ಣಿಗೆ ಕಾಣುವುದಿಲ್ಲ, ತಪ್ಪಿದ ದಿನ ಮಾತ್ರ ಕಾಣುತ್ತದೆ. ಆಯುಧಪೂಜೆಯ ದಿನ ವ್ಯಾನಿಗೆ ಮಾವಿನೆಲೆ ಕಟ್ಟಿ, ಬೂದುಗುಂಬಳ ಒಡೆದು ಫೋಟೋ ತೆಗೆಯುವವರು ಮನೆ ತುಂಬ. ರೇಡಿಯೇಟರಿನ ನೀರು ನೋಡುವವರು ಒಬ್ಬರೇ. ಇರಲಿ, ಇದು ದೂರಲ್ಲ. ನೋಡಿಕೊಂಡವರಿಗೆ ಒಂದು ವಿಶೇಷ ಜ್ಞಾನ ಬರುತ್ತದೆ ಎಂದಷ್ಟೇ ನಾನು ಹೇಳಹೊರಟದ್ದು. ಆ ವ್ಯಾನಿನ ಬಗ್ಗೆ ತಯಾರಿಸಿದವರಿಗೂ ತಪಾಸಣೆ ಮಾಡಿದವರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು. ನಿಜವಾದ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ.

ಬೆಂಗಳೂರಿನ ಮಗ ಬಂದವನು ಹೊಸ ಬಣ್ಣ ನೋಡಿ ಹೊಗಳಿದ. ಆಮೇಲೆ, ‘ಅಮ್ಮಾ, ಮಗುವನ್ನು ಮಾತ್ರ ಇದರಲ್ಲಿ ಕೂರಿಸಬೇಡ’ ಎಂದ. ನನಗೆ ಕೋಪ ಬರಲಿಲ್ಲ, ಏಕೆಂದರೆ ಅವನು ಹೇಳಿದ್ದು ಸರಿ. ಈಗಿನ ಕಾರಿನಲ್ಲಿ ಮುಂದಿನ ಮೂತಿ ಮುದುಡಿ ಏಟನ್ನು ನುಂಗುತ್ತದೆ. ಓಮ್ನಿಗೆ ಮೂತಿಯೇ ಇಲ್ಲ. ಗಾಜು, ತಗಡು, ಅದರ ಹಿಂದೆ ನಮ್ಮ ಮೊಣಕಾಲು. ನಮ್ಮದರಲ್ಲಿ ಏರ್‌ಬ್ಯಾಗಿಲ್ಲ, ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕಿಲ್ಲ, ಹಿಂದಿನ ಸೀಟಿಗೆ ಬೆಲ್ಟಿಲ್ಲ. 2019ರಲ್ಲಿ ಸುರಕ್ಷತೆಯ ಹೊಸ ನಿಯಮಗಳು ಬಂದಾಗ ಓಮ್ನಿಯ ತಯಾರಿಕೆ ನಿಂತದ್ದೂ ಅದಕ್ಕೇ. ಎಷ್ಟೇ ಒಳ್ಳೆಯ ತಗಡು ಹಾಕಿಸಿದರೂ ಅದು ಚೆನ್ನಾಗಿರುವ 1998ರ ಗಾಡಿಯೇ ಹೊರತು ಇವತ್ತಿನ ಗಾಡಿಯಾಗದು. ಹೊಗೆಯ ಮಾತೂ ಅಷ್ಟೇ. ಹೊಸದೊಂದು ಕಾರು ತಯಾರಿಸುವುದಕ್ಕೂ ಕಬ್ಬಿಣ, ಕಲ್ಲಿದ್ದಲು ಬೇಕಲ್ಲ ಎಂದು ನಾನು ವಾದಿಸಬಹುದು. ತಿಂಗಳಿಗೆ ನೂರು ಕಿಲೋಮೀಟರ್ ಓಡಿಸುವವಳಿಗೆ ಆ ವಾದ ಒಪ್ಪುತ್ತದೆ. ದಿನವೂ ನೂರು ಓಡಿಸುವವರಿಗೆ ಒಪ್ಪುವುದಿಲ್ಲ.

ಹೀಗಾಗಿ ಮನೆಯಲ್ಲಿ ಮಾರುವ ಮಾತು ಬಂತು. ಸುದ್ದಿ ತಿಳಿದು ಹತ್ತಿರದ ಹಳ್ಳಿಯ ಹುಡುಗನೊಬ್ಬ ಬಂದ. ಇಪ್ಪತ್ತೈದು ದಾಟಿರದ ವಯಸ್ಸು, ವಿನಯ, ಕೈಯಲ್ಲಿ 40,000 ರೂಪಾಯಿ ನಗದು. ಏತಕ್ಕಪ್ಪಾ ಎಂದು ಕೇಳಿದೆ. ‘ಸ್ಕೂಲ್ ಮಕ್ಕಳನ್ನ ಬಿಡೋದಕ್ಕೆ ಅಮ್ಮ. ಹನ್ನೆರಡು ಮಕ್ಕಳಿದಾವೆ.’

ಹನ್ನೆರಡು! ಬಿಳಿ ಬೋರ್ಡಿನ ಗಾಡಿಯಲ್ಲಿ ಬಾಡಿಗೆಗೆ ಮಕ್ಕಳನ್ನು ಒಯ್ಯುವುದು ಕಾನೂನಿಗೆ ವಿರುದ್ಧ ಎಂಬುದು ಹಾಗಿರಲಿ. ನನ್ನ ಒಂದು ಮೊಮ್ಮಗುವಿಗೆ ಆಗದ ಸೀಟು ಹನ್ನೆರಡು ಮಕ್ಕಳಿಗೆ ಆಗುವುದು ಹೇಗೆ? ಹಳೆಯ ವಸ್ತುವನ್ನು ಮಾರುವಾಗ ನಾವು ವಸ್ತುವನ್ನಷ್ಟೇ ಮಾರುವುದಿಲ್ಲ, ಅದರೊಳಗಿನ ಅಪಾಯವನ್ನೂ ನಮಗಿಂತ ಬಡವರ ಮನೆಗೆ ದಾಟಿಸುತ್ತೇವೆ. ನಮಗೆ ಬೇಡವಾದದ್ದು ಅವರಿಗೆ ಸಾಕು ಎಂಬ ಲೆಕ್ಕ ಅದರಲ್ಲಿ ಅಡಗಿರುತ್ತದೆ. ತಂಗಳನ್ನವನ್ನು ಕೆಲಸದವಳಿಗೆ ಕೊಡುವಾಗಲೂ ಅದೇ ಲೆಕ್ಕ.

ನಮ್ಮವರು ನಿವೃತ್ತ ಗುಮಾಸ್ತರು, ಕಾಗದಪತ್ರದ ನ್ಯಾಯದವರು. ‘ಕತ್ತಿ ಮಾರಿದವನು ಕೊಲೆಗೆ ಹೊಣೆಯೇನು? ಆರ್.ಸಿ. ಅವನ ಹೆಸರಿಗೆ ವರ್ಗವಾದ ಮೇಲೆ ನಮಗೂ ಅದಕ್ಕೂ ಸಂಬಂಧವಿಲ್ಲ’ ಎಂದರು. ನಾನು ಹೇಳಿದೆ, ಇದು ಕತ್ತಿಯಲ್ಲ, ಏಣಿ. ಎಷ್ಟನೆಯ ಮೆಟ್ಟಿಲು ಮುರಿಯುತ್ತದೆ ಎಂದು ಗೊತ್ತಿದ್ದೂ ಕೊಟ್ಟರೆ? ಗೊತ್ತಿಲ್ಲದವನ ಮಾತು ಬೇರೆ. ನನ್ನ ಹತ್ತಿರ ತಾರೀಖು ಸಹಿತ ಡೈರಿಯಿದೆ. ಪುಟ್ಟಿ ಮೆತ್ತಿ ಮಾರಿದ್ದರೆ ಹೊಣೆ ಇನ್ನೂ ಹೆಚ್ಚು ಎಂದು ಎಲ್ಲರೂ ಒಪ್ಪುತ್ತಾರೆ. ಚೆನ್ನಾಗಿ ರಿಪೇರಿ ಮಾಡಿಸಿ ಮಾರಿದರೂ ಉಳಿಯುತ್ತದೆ ಎನ್ನುವುದು ನನ್ನ ವಾದ. ಅವರು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ.

ಆದರೆ ನನ್ನನ್ನು ನಿಜವಾಗಿ ಕಟ್ಟಿಹಾಕಿದ್ದು ಆ ಹುಡುಗನ ಮಾತು. ನಾನು ಕಾರಣ ಹೇಳಿ, ಕೊಡುವುದಿಲ್ಲ ಎಂದಾಗ ಅವನು ಸಿಟ್ಟಾಗಲಿಲ್ಲ. ‘ನೀವು ಕೊಡದಿದ್ರೆ ಇನ್ನೊಬ್ರ ಹತ್ರ ತಗೋತೀನಿ ಅಮ್ಮ. ಅದರ ತಳ ಹೆಂಗಿರುತ್ತೋ ಯಾರಿಗೆ ಗೊತ್ತು. ಆ ಹೊತ್ತಿಗೆ ನಮ್ಮೂರಿಗೆ ಬಸ್ಸಿಲ್ಲ, ಮಕ್ಕಳು ಹೋಗ್ಲೇಬೇಕಲ್ಲ’ ಎಂದ.

ಇದಕ್ಕೆ ಏನು ಹೇಳುತ್ತೀರಿ? ನಾನು ಮಾರದಿದ್ದರೆ ನನ್ನ ಕೈ ಚೊಕ್ಕಟವಾಗಿ ಉಳಿಯುತ್ತದೆ, ಮಕ್ಕಳು ಇನ್ನೂ ಹಾಳು ಗಾಡಿಯಲ್ಲಿ ಹೋಗುತ್ತವೆ. ಮಡಿಯವರು ತಮ್ಮ ಮಡಿ ಉಳಿಸಿಕೊಳ್ಳುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಇಷ್ಟು ಮಾತ್ರ ತೋಚುತ್ತದೆ: ‘ಹೇಗೂ ಯಾರಾದರೂ ಮಾಡುತ್ತಾರೆ’ ಎಂಬ ಮಾತಿಗೆ ಒಮ್ಮೆ ತಲೆಬಾಗಿದರೆ, ಮಾಡಬಾರದ ಕೆಲಸ ಯಾವುದೂ ಉಳಿಯುವುದಿಲ್ಲ. ಆದರೆ ‘ಕೊಡುವುದಿಲ್ಲ’ ಎಂದು ಹೇಳಿ ಬಾಗಿಲು ಹಾಕಿಕೊಂಡರೂ ಆಗುವುದಿಲ್ಲ. ಅವನೊಡನೆ ಅಷ್ಟು ಮಾತಾಡಿದ ಮೇಲೆ ಹನ್ನೆರಡು ಮಕ್ಕಳ ವಿಷಯವೂ ನನಗೆ ಗೊತ್ತಾಗಿಬಿಟ್ಟಿತ್ತು.

ವ್ಯಾನು ಉಳಿಯಿತು. ಮಾರ್ಕೆಟ್ಟು, ಆಸ್ಪತ್ರೆ, ದೇವಸ್ಥಾನ, ಅಷ್ಟೇ ಅದರ ಲೋಕ. ನಲವತ್ತರ ವೇಗದ ಮೇಲೆ ಹೋಗುವುದಿಲ್ಲ, ಹೆದ್ದಾರಿಗೆ ಇಳಿಯುವುದಿಲ್ಲ, ಮೊಮ್ಮಗು ಹತ್ತುವುದಿಲ್ಲ. 2028ರಲ್ಲಿ ಮತ್ತೆ ನವೀಕರಣವಿದೆ. ಆಗದೆ ಹೋದರೆ ಸರ್ಕಾರದ ನೋಂದಣಿ ಇರುವ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ತೆಗೆದುಕೊಳ್ಳಬೇಕೆಂದು ಡೈರಿಯ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ. ಅಲ್ಲಿ ಕೊಟ್ಟ ಗಾಡಿ ಇನ್ನೊಬ್ಬರ ಹೆಸರಿನಲ್ಲಿ ರಸ್ತೆಗೆ ಬರುವುದಿಲ್ಲ. 40,000 ಸಿಗಲಾರದು. ನಮ್ಮವರು ಆ ಹಾಳೆ ಓದಿ ಏನೂ ಹೇಳದೆ ಕನ್ನಡಕ ಒರೆಸಿಕೊಂಡರು.

ಹುಡುಗ ಹೇಳಿದ ಹಾಗೆಯೇ ಇನ್ನೊಂದು ವ್ಯಾನು ನೋಡಿದ, 2012ರದ್ದು. ಕೊಳ್ಳುವ ಮೊದಲು ನಮ್ಮ ಮೆಕ್ಯಾನಿಕ್ಕಿಗೆ ತೋರಿಸು, ದುಡ್ಡು ನಾನು ಕೊಡುತ್ತೇನೆ ಎಂದೆ. ಮ್ಯಾಟು ಎತ್ತಿಸಿ ತಳ ಒತ್ತಿಸಿದೆವು. ಬ್ರೇಕು ಬಿಚ್ಚಿಸಿದೆವು. ಹಳದಿ ಬೋರ್ಡು ಮಾಡಿಸುವುದಕ್ಕೆ ಯಾವ ಯಾವ ಕಾಗದ ಬೇಕೆಂದು ನಮ್ಮವರೇ, ಹೌದು, ಸಂಬಂಧವಿಲ್ಲ ಎಂದ ನಮ್ಮವರೇ, ಚೀಟಿಯಲ್ಲಿ ಬರೆದುಕೊಟ್ಟರು. ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಇಟ್ಟು ಓಡಿಸುವ ಯೋಚನೆ ಮಾಡಬೇಡ ಎಂದು ನಾನು ಎರಡು ಸಲ ಹೇಳಿದೆ. ಹನ್ನೆರಡು ಮಕ್ಕಳನ್ನು ಎರಡು ಸರದಿಯಲ್ಲಿ ಒಯ್ಯುವ ಮಾತಿಗೆ ಮಾತ್ರ ಅವನು ಪೆಟ್ರೋಲಿನ ದರ ಹೇಳಿ ನಕ್ಕ. ಈಗ ಎಂಟಕ್ಕೆ ಬಂದಿದೆ.

ಬೆಳಿಗ್ಗೆ ಎಂಟೂಕಾಲಿಗೆ ಆ ವ್ಯಾನು ನಮ್ಮ ಬೀದಿಯಲ್ಲೇ ಹೋಗುತ್ತದೆ. ಮಕ್ಕಳು ಕೈಬೀಸುತ್ತವೆ. ಹೋದ ವಾರ ಹಿಂದಿನ ಎಡಗಡೆಯ ಟೈರು ಸವೆದದ್ದು ಕಂಡಿತು, ನಿಲ್ಲಿಸಿ ಹೇಳಿದೆ. ‘ಸಂಬಳ ಬರ್ಲಿ ಅಮ್ಮ, ಹಾಕಿಸ್ತೀನಿ’ ಎಂದ. ಇವತ್ತು ನೋಡಿದೆ, ಇನ್ನೂ ಹಾಕಿಸಿಲ್ಲ.