ಗೃಹಸ್ಥನ ತಂಪು ಮತ್ತು ಯತ್ನಾಚಾರ

ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಿರುವ 22 ಪರೀಷಹಗಳಲ್ಲಿ ಶೀತವು ಮೂರನೆಯದು, ಉಷ್ಣವು ನಾಲ್ಕನೆಯದು, ದಂಶಮಶಕವು ಐದನೆಯದು. ಗೃಹವನ್ನೂ ವಸ್ತ್ರವನ್ನೂ ತ್ಯಜಿಸಿದ ಮುನಿಗೆ ಇವು ಸಮಭಾವದಿಂದ ಸಹಿಸತಕ್ಕವು; ಆತನಿಗೆ ಬೀಸಣಿಗೆಯ ಪ್ರಶ್ನೆಯೇ ಏಳದು. ಆದರೆ ವೃದ್ಧರನ್ನೂ ಶಿಶುಗಳನ್ನೂ ಕಾಪಾಡಬೇಕಾದ ಶ್ರಾವಕನಿಗೆ ಆ ಪ್ರಶ್ನೆ ಏಳುತ್ತದೆ. ವ್ರತನಿಷ್ಠ ಗೃಹಸ್ಥನು ಮನೆಯನ್ನು ತಂಪಾಗಿಸುವ ಯಂತ್ರವನ್ನು ಇಟ್ಟುಕೊಳ್ಳಬಹುದೇ? ಇಟ್ಟುಕೊಂಡರೆ ಅದು ಆತನಿಂದ ಏನನ್ನು ಬೇಡುತ್ತದೆ?

ಕಲಬುರಗಿಯ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ವೈಶಾಖ ಮಾಸ, ಹೊರಗೆ 40 ಡಿಗ್ರಿಗೆ ಮೀರಿದ ಬಿಸಿಲು. ಮನೆಯ ಹಿರಿಯ ತಾಯಿ ಏಕಾಶನದಲ್ಲಿದ್ದಾರೆ. ಅಡುಗೆಮನೆಯಲ್ಲಿ ಇಮ್ಮಡಿ ಬಟ್ಟೆಯಿಂದ ನೀರು ಸೋಸಲಾಗುತ್ತದೆ. ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದರೆ ಅದನ್ನು ಮತ್ತೆ ಸೋಸುವ ಆಚಾರವು ತಪ್ಪದೆ ನಡೆದಿದೆ. ಆದರೆ ಪಡಸಾಲೆಯ ಕಿಟಕಿಯಲ್ಲಿರುವ ಕೂಲರಿನ ತೊಟ್ಟಿಯಲ್ಲಿ ಹದಿನೈದು ದಿನಗಳಿಂದ ಅದೇ ನೀರು ನಿಂತಿದೆ. ಇದ್ದ ನೀರಿಗೇ ಮೇಲಿಂದ ಸುರಿಯುತ್ತ ಬಂದಿದ್ದಾರೆ, ತೊಟ್ಟಿಯನ್ನು ಉಜ್ಜಿದವರಿಲ್ಲ. ಕುಡಿಯುವ ನೀರಿನಲ್ಲಿ ಕಂಡ ಜೀವವು ಕೂಲರಿನ ನೀರಿನಲ್ಲಿ ಏಕೆ ಕಾಣದೆ ಹೋಯಿತು?

ಕೂಲರಿನ ತತ್ತ್ವ ಸರಳವಾದುದು. ನೀರು ಆವಿಯಾಗುವಾಗ ಗಾಳಿಯ ಉಷ್ಣವನ್ನು ಹೀರಿಕೊಳ್ಳುತ್ತದೆ. ಆದುದರಿಂದ ಅದು ರಾಯಚೂರು, ವಿಜಯಪುರಗಳ ಒಣ ಹವೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಮೂಡುಬಿದಿರೆ, ಕಾರ್ಕಳಗಳ ಆರ್ದ್ರ ಹವೆಯಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಆದರೆ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ತವರು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಎಂಟು ಹತ್ತು ದಿನ ಸಾಕು. ನೀರು ಚೆಲ್ಲಿದರೂ ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದಂತೆಯೇ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತಾಗಿದಾಗ ಒಡೆಯಬಲ್ಲವು.

ಇಲ್ಲಿ ಒಂದು ಶಂಕೆ ಹುಟ್ಟುವುದು ಸಹಜ. ಮರಿಹುಳುಗಳು ತುಂಬಿದ ನೀರನ್ನು ಚೆಲ್ಲಿದರೆ ಹಿಂಸೆಯಲ್ಲವೇ? ಮುಟ್ಟದೆ ಬಿಡುವುದೇ ಅಹಿಂಸೆಯಲ್ಲವೇ? ಈ ವಾದವು ದಯೆಯ ವೇಷ ತೊಟ್ಟ ಆಲಸ್ಯ. ಚೆಲ್ಲಿದರೆ ಜೀವಹಾನಿಯಾಗುವುದು ನಿಜ, ಅದನ್ನು ಮರೆಮಾಚಲಾಗದು. ಆದರೆ ಚೆಲ್ಲದಿದ್ದರೆ ರೋಗ ಹರಡುತ್ತದೆ, ಕೊನೆಗೆ ಬೀದಿಗೆಲ್ಲ ವಿಷದ ಹೊಗೆ ಹಾಯಿಸುವ ಸ್ಥಿತಿ ಬರುತ್ತದೆ. ಪ್ರಮಾದಯೋಗದಿಂದ ಆಗುವ ಪ್ರಾಣಹಾನಿಯೇ ಹಿಂಸೆ ಎಂಬುದು ಸೂತ್ರಕಾರರ ಅಭಿಪ್ರಾಯ. ಹಾಗಾದರೆ ದೋಷವು ನೀರು ಚೆಲ್ಲಿದ ದಿನ ಹುಟ್ಟಲಿಲ್ಲ; ನೀರನ್ನು ನಿಲ್ಲಲು ಬಿಟ್ಟ ದಿನವೇ ಹುಟ್ಟಿತು. ಅಂಥ ಸ್ಥಿತಿಗೆ ಬಂದ ಗೃಹಸ್ಥನು ತನ್ನ ತಪ್ಪನ್ನು ಒಪ್ಪಿ, ಆಲೋಚನೆ ಮಾಡಿಕೊಂಡು, ಅದು ಮರುಕಳಿಸದಂತೆ ನಿಯಮ ತೊಡುವುದೊಂದೇ ದಾರಿ.

ವಾರಕ್ಕೊಮ್ಮೆ ತೊಟ್ಟಿಯನ್ನು ಬರಿದು ಮಾಡಿ ಒಣಗಿಸಬೇಕೆಂಬುದು ಆರೋಗ್ಯ ಇಲಾಖೆಗಳ ಸಲಹೆ. ಅದು ಸೊಳ್ಳೆ ಹಾರದಿರಲು ಸಾಕಾದೀತು. ಶ್ರಾವಕನ ಯತ್ನಾಚಾರಕ್ಕೆ ಮರಿಹುಳುವೂ ಹುಟ್ಟದಿರಬೇಕು. ಆದುದರಿಂದ ಅಂದಂದಿಗೆ ಬೇಕಾದಷ್ಟೇ ನೀರನ್ನು ಸೋಸಿ ತುಂಬುವುದು, ಉಳಿದುದನ್ನು ಮರುದಿನವೇ ಚೆಲ್ಲಿ ಗೋಡೆಗಳನ್ನು ಉಜ್ಜುವುದು, ತೊಟ್ಟಿಯನ್ನು ಸಣ್ಣ ಕಣ್ಣಿನ ಜಾಲರಿಯಿಂದ ಮುಚ್ಚುವುದು, ಬೇಸಗೆ ಮುಗಿದೊಡನೆ ಒಣಗಿಸಿ ಇಡುವುದು ಉಚಿತ.

ಹವಾನಿಯಂತ್ರಕವಿರುವ ಮನೆಗೂ ಈ ಮಾತು ಸಲ್ಲುತ್ತದೆ. ಧೂಳು ತುಂಬಿದ ಶೋಧಕವು ಗಾಳಿಯನ್ನು ತಡೆಯುವುದರಿಂದ ಯಂತ್ರವು ಅದೇ ತಂಪಿಗಾಗಿ ಹೆಚ್ಚು ಹೊತ್ತು ದುಡಿದು ಹೆಚ್ಚು ವಿದ್ಯುತ್ತನ್ನು ನುಂಗುತ್ತದೆ. ಅದರೊಳಗಿನ ಅನಿಲವು ಮುಚ್ಚಿದ ನಾಳದಲ್ಲಿ ಸುತ್ತುವಂಥದು, ಬಳಸಿದಂತೆ ಸವೆಯುವ ವಸ್ತುವಲ್ಲ. ಕಡಿಮೆಯಾಯಿತೆಂದರೆ ಸೋರುತ್ತಿದೆ ಎಂದೇ ಅರ್ಥ. ಬಿರುಕನ್ನು ಮುಚ್ಚಿಸದೆ ವರ್ಷವರ್ಷವೂ ಅನಿಲ ತುಂಬಿಸುವವನು ಅದನ್ನು ಆಕಾಶಕ್ಕೆ ಬಿಡುತ್ತಿದ್ದಾನೆ. ಹಳೆಯ ಯಂತ್ರಗಳ ಆರ್-22 ಅನಿಲವು ಓಜೋನ್ ಪದರವನ್ನು ಸವೆಸುತ್ತದೆ; 1987ರ ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಕ್ರಮೇಣ ಕೈಬಿಡಲಾಗುತ್ತಿದೆ. ಭೂಮಿಯನ್ನು ಬಿಸಿಯಾಗಿಸುವುದರಲ್ಲಿಯೂ ಅದು ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 1,800 ಪಟ್ಟು. ಇಂಥ ಸೋರುವ ಯಂತ್ರವನ್ನು ಅಪರಿಗ್ರಹದ ಹೆಸರಿನಲ್ಲಿ ಉಳಿಸಿಕೊಳ್ಳುವುದು ವಿವೇಕವಲ್ಲ. ಬದಲಾಯಿಸುವಾಗಲೂ ಹಳೆಯ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ಹಿಂಪಡೆಯುವಂತೆ ಕೆಲಸಗಾರನಿಗೆ ಹೇಳಬೇಕು.

ಹೊಸದನ್ನು ತರುವಾಗ ಅಳತೆ ಯಾವುದು? ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಗುಣವ್ರತಗಳಲ್ಲಿ ಎರಡು ಇಲ್ಲಿ ನೆರವಾಗುತ್ತವೆ. ಅನರ್ಥದಂಡವ್ರತವು ಭೂಮಿ, ಜಲ, ಅಗ್ನಿ, ವಾಯುಗಳನ್ನು ನಿಷ್ಪ್ರಯೋಜನವಾಗಿ ಕದಡುವುದನ್ನು ಪ್ರಮಾದಚರ್ಯೆ ಎನ್ನುತ್ತದೆ. ಬರಿಯ ಕೋಣೆಯಲ್ಲಿ ತಿರುಗುವ ಪಂಖವು ಅದಕ್ಕೆ ಇಂದಿನ ಉದಾಹರಣೆ. ಭೋಗೋಪಭೋಗ ಪರಿಮಾಣವ್ರತವು ದಿನ, ಪಕ್ಷ, ಮಾಸ, ಋತುಗಳ ಅವಧಿಗೆ ನಿಯಮ ತೊಡುವ ಅವಕಾಶ ಕೊಡುತ್ತದೆ. ಯಂತ್ರವು ಮತ್ತೆ ಮತ್ತೆ ಬಳಸುವ ಉಪಭೋಗ. ಆದುದರಿಂದ ಇಷ್ಟೇ ಯಂತ್ರ, ಇಷ್ಟೇ ಹೊತ್ತು ಎಂದು ಗೃಹಸ್ಥನು ಮೇರೆ ಹಾಕಿಕೊಳ್ಳಬಹುದು. ಹಳೆಯದನ್ನು ಕಳೆದು ಹೊಸದನ್ನು ತಂದರೆ ಮೇರೆ ಉಳಿಯುತ್ತದೆ. ಹಳೆಯದನ್ನು ಇನ್ನೊಂದು ಕೋಣೆಗೆ ಸಾಗಿಸಿದರೆ ಮುರಿಯುತ್ತದೆ. ಸುಣ್ಣ ಬಳಿದ ಮಾಳಿಗೆ ಬಿಸಿಲನ್ನು ಹಿಂದಿರುಗಿಸುತ್ತದೆ. ಸಾಮಾನ್ಯ ಪಂಖವು 75 ವ್ಯಾಟ್ ಬೇಡುವಲ್ಲಿ ಇಂದಿನ ಬಿಎಲ್‌ಡಿಸಿ ಪಂಖವು ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ತಿರುಗುತ್ತದೆ. ಭಾರತದಲ್ಲಿ 2020ರಿಂದ ಕೋಣೆಯ ಹವಾನಿಯಂತ್ರಕಗಳು 24 ಡಿಗ್ರಿಯ ಮೂಲ ನೆಲೆಯಲ್ಲಿಯೇ ಬರುತ್ತಿವೆ. ಅಲ್ಲಿಂದ ಕೆಳಗಿಳಿಸುವ ಬೆರಳು ತನ್ನ ಅಗತ್ಯವನ್ನು ಒಮ್ಮೆ ಕೇಳಿಕೊಳ್ಳಲಿ.

ಕೊನೆಗೊಂದು ಎಚ್ಚರಿಕೆ. ತಾನೇ ಆರಿಸಿ ಸಹಿಸಿದ ಸೆಕೆ ತಪಸ್ಸಾದೀತು. ಇನ್ನೊಬ್ಬರ ಮೇಲೆ ಹೇರಿದ ಸೆಕೆ ತಪಸ್ಸಲ್ಲ. ಉಪವಾಸದಲ್ಲಿರುವ ವೃದ್ಧೆಯ ದೇಹವು ಬೇಗನೆ ನೀರಡಗಿ ಸೊರಗುತ್ತದೆ. ಆಕೆಯ ಕೋಣೆಗೆ ತಂಪು ಒದಗಿಸುವುದು ವೈಯಾವೃತ್ತ್ಯವೇ ಸರಿ. ಮಗನು ತನ್ನ ಕೋಣೆಯ ಪಂಖವನ್ನು ನಿಲ್ಲಿಸಲಿ, ತಾಯಿಯ ಕೂಲರಿನ ತೊಟ್ಟಿಯನ್ನು ಪ್ರಾತಃಕಾಲ ತಾನೇ ಉಜ್ಜಲಿ. ನೀರು ಸೋಸುವ ಬಟ್ಟೆಯ ವಿವೇಕವು ಅಡುಗೆಮನೆಯ ಹೊಸ್ತಿಲನ್ನು ದಾಟಿ ಪಡಸಾಲೆಯ ಕಿಟಕಿಯವರೆಗೆ ಬಂದರೆ ಆ ಮನೆಯ ವ್ರತವು ಪೂರ್ಣವಾದಂತೆ.