ಕಾಯ, ಕಾಯಕ ಮತ್ತು ಸಕ್ಕರೆ ಕಾಯಿಲೆ



ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು, ಅದರಲ್ಲಿ ದೃಷ್ಟಿ ನೆಟ್ಟು ಪೂಜಿಸುವುದು ನಮ್ಮ ನಿತ್ಯನೇಮ. ಈ ಪೂಜೆಗೆ ಗುಡಿ ಬೇಡ, ಪೂಜಾರಿ ಬೇಡ. ಹಿಡಿಯುವ ಕೈ, ನೋಡುವ ಕಣ್ಣು, ನಿಂತ ಮನಸ್ಸು ಇದ್ದರೆ ಸಾಕು. ಸಕ್ಕರೆ ಕಾಯಿಲೆ ಬಹುಕಾಲ ಹತೋಟಿ ತಪ್ಪಿದರೆ ಕೆಡಿಸುವುದು ಇವುಗಳನ್ನೇ. ಕಣ್ಣಿನೊಳಗಿನ ಸಣ್ಣ ರಕ್ತನಾಳಗಳು ಹಾಳಾಗಿ ದೃಷ್ಟಿ ಮಂಜಾಗುತ್ತದೆ. ಪಾದದ ನರಗಳು, ಮುಂದೆ ಕೈಯ ನರಗಳೂ ಜೋಮು ಹಿಡಿಯುತ್ತವೆ. ಕಾಲಿಗೆ ಮುಳ್ಳು ಚುಚ್ಚಿದ್ದು ತಿಳಿಯದೆ, ಗಾಯ ಮಾಯದೆ, ಬೆರಳು ತೆಗೆಸುವ ಪ್ರಸಂಗ ಬರುತ್ತದೆ. ಮೂತ್ರಪಿಂಡ, ಹೃದಯಗಳಿಗೂ ಪೆಟ್ಟು ತಪ್ಪದು. ಆದ್ದರಿಂದ "ಇದು ಡಾಕ್ಟರರ ವಿಷಯ, ಮಠದ ಪತ್ರಿಕೆಯಲ್ಲಿ ಏಕೆ?" ಎಂದು ಯಾರೂ ಕೇಳಲಾರರೆಂದು ನಂಬಿದ್ದೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ 2021ರಲ್ಲಿ ನಮ್ಮ ದೇಶದ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿತ್ತು. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದರು. ಇದು ಶಹರದ ಶ್ರೀಮಂತರ ಬೇನೆ ಎಂಬ ಮಾತು ಇನ್ನು ಸಲ್ಲದು.

ನಮ್ಮ ಹಿರಿಯರೂ ಹೋಳಿಗೆ ಉಂಡರು, ಮಾದಲಿ ಉಂಡರು. ಆದರೆ ಅವರು ಎತ್ತಿನ ಹಿಂದೆ ದಿನವಿಡೀ ಕುಂಟೆ ಹೊಡೆದರು, ರಾಶಿ ಮಾಡಿದರು, ಸಂತೆಗೆ ನಡೆದು ಹೋದರು. ತಾಯಂದಿರು ಬೀಸಿದರು, ಕುಟ್ಟಿದರು, ನೀರು ಹೊತ್ತರು. ಇಂದು ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ, ಬದುವಿನ ತನಕ ಮೋಟಾರ್ ಸೈಕಲ್ ಹೋಗುತ್ತದೆ. ಅಡತಿ ಅಂಗಡಿಯ ಯಜಮಾನರು ಮುಂಜಾನೆ ಗಾದಿಯ ಮೇಲೆ ಕುಳಿತರೆ ಏಳುವುದು ಊಟಕ್ಕೆ. ಮೈಗೆಲಸವನ್ನು ಯಂತ್ರಕ್ಕೆ ಒಪ್ಪಿಸಿದೆವು, ತಾಟನ್ನು ಮಾತ್ರ ಹಾಗೇ ಉಳಿಸಿಕೊಂಡೆವು. ಇದೇ ಇಂದಿನ ಲೆಕ್ಕದ ತಪ್ಪು.

ಬಸವಣ್ಣನವರು ನಮ್ಮ ಮಂಗಳವೇಢೆಯಲ್ಲಿ ಬಿಜ್ಜಳನ ಕರಣಿಕರಾಗಿದ್ದವರು. ಲೆಕ್ಕ ಅವರಿಗೆ ಹೊರಗಿನದಲ್ಲ. ನಾವೂ ಕಿರ್ದಿ ಬರೆಯುವ ಜನ. ಶರೀರದ ಕಿರ್ದಿಯಲ್ಲಿ ಜಮಾ ಹೆಚ್ಚಾಗಿ ಖರ್ಚು ಕಡಿಮೆಯಾದರೆ ಶಿಲ್ಕು ಹೊಟ್ಟೆಯ ಸುತ್ತ ಬೀಳುತ್ತದೆ. ವ್ಯಾಪಾರದಲ್ಲಿ ಶಿಲ್ಕು ಲಾಭ. ಇಲ್ಲಿ ಅದೇ ಸಾಲ.

ಇದು ರೋಗವಾಗುವ ಬಗೆಯನ್ನು ಪೇಟೆಯ ಮಾತಿನಲ್ಲೇ ಹೇಳಬಹುದು. ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಇದು ಯಾರ್ಡಿಗೆ ಬಂದ ಮಾಲು. ಅದನ್ನು ಇಳಿಸಿಕೊಳ್ಳುವ ದೊಡ್ಡ ಗೋದಾಮು ನಮ್ಮ ಮಾಂಸಖಂಡಗಳು. ಇಳಿಸುವ ಹಮಾಲ ಇನ್ಸುಲಿನ್ ಎಂಬ ರಸ. ಹೊಟ್ಟೆಯೊಳಗೆ, ಯಕೃತ್ತಿನಲ್ಲಿ ಕೊಬ್ಬು ಸೇರಿದಂತೆಲ್ಲ ಗೋದಾಮಿನ ಬಾಗಿಲು ಬಿಗಿಯಾಗುತ್ತದೆ. ಒಬ್ಬ ಹಮಾಲ ಮಾಡುತ್ತಿದ್ದ ಕೆಲಸಕ್ಕೆ ನಾಲ್ವರು ಬೇಕಾಗುತ್ತಾರೆ. ಕೆಲವು ವರ್ಷ ಶರೀರ ಹೆಚ್ಚು ಹಮಾಲರನ್ನು ಒದಗಿಸುತ್ತದೆ, ಆಮೇಲೆ ಸೋಲುತ್ತದೆ. ಮಾಲು ಯಾರ್ಡಿನಲ್ಲೇ ಬಿದ್ದು ಕೆಡುತ್ತದೆ. ಅದೇ ರಕ್ತದ ಸಕ್ಕರೆ.

ಇಲ್ಲಿ ವ್ಯಾಯಾಮದ ಮಹಿಮೆ ಇದೆ. ನಡೆಯುವಾಗ, ದುಡಿಯುವಾಗ ಮಾಂಸಖಂಡಗಳು ಹಮಾಲನಿಗೆ ಕಾಯದೆ ಇನ್ನೊಂದು ಬಾಗಿಲಿನಿಂದ ತಾವೇ ಸಕ್ಕರೆ ಎಳೆದುಕೊಳ್ಳುತ್ತವೆ. ನಡಿಗೆ ಮುಗಿದ ಮೇಲೂ ಕೆಲವು ತಾಸು ಬಾಗಿಲು ಸಡಿಲವಾಗಿರುತ್ತದೆ. ಎರಡು ದಿನ ಕುಳಿತರೆ ಮತ್ತೆ ಬಿಗಿಯುತ್ತದೆ. ಹೀಗಾಗಿ ಇದು ವರ್ಷಕ್ಕೊಮ್ಮೆ ಮಾಡುವ ಜಾತ್ರೆಯಲ್ಲ, ನಿತ್ಯ ಮಾಡುವ ಪೂಜೆ.

"ನಾನು ತೆಳ್ಳಗಿದ್ದೇನೆ, ನನಗೇನು?" ಎನ್ನುವವರೂ ಕೇಳಬೇಕು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಮತ್ತು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್ ತಮ್ಮನ್ನೇ ಅಳೆದುಕೊಂಡು 2004ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದಲ್ಲಿ ಇಬ್ಬರೂ ಸರಿಸಮ. ಆದರೆ ಶರೀರದ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ 9, ಯಾಜ್ಞಿಕರಲ್ಲಿ 21. ನಮ್ಮ ಜನ ತೋಳುಕಾಲು ತೆಳ್ಳಗಿದ್ದೂ ಒಳಗೆ ಕೊಬ್ಬುಳ್ಳವರು. ಆದ್ದರಿಂದಲೇ ನಮಗೆ ಮಿತಿ ಬಿಗಿಯಾಗಿದೆ: ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. 5 ಅಡಿ 5 ಅಂಗುಲ ಎತ್ತರದವರು 63 ಕಿಲೋ ದಾಟಿದರೆ ಎಚ್ಚರ, 68 ದಾಟಿದರೆ ಬೊಜ್ಜು. ತಂದೆತಾಯಿಗೆ ಈ ಬೇನೆ ಇದ್ದವರು ಇನ್ನೂ ಮೊದಲೇ ಎಚ್ಚರಗೊಳ್ಳಬೇಕು.

ತಡೆಯಲು ಸಾಧ್ಯವೇ? ಸಾಧ್ಯ. ಅಮೆರಿಕದಲ್ಲಿ ಹೊಸ್ತಿಲಲ್ಲಿದ್ದ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಪರೀಕ್ಷೆಯ ಫಲ 2002ರಲ್ಲಿ ಬಂತು. ತೂಕವನ್ನು ನೂರಕ್ಕೆ 7ರಷ್ಟು ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು, ಇವೆರಡೇ ಗುರಿ. ರೋಗ ಬರುವ ಸಂಭವ ನೂರಕ್ಕೆ 58ರಷ್ಟು ತಗ್ಗಿತು. ಮಾತ್ರೆ ನುಂಗಿದವರಲ್ಲಿ ತಗ್ಗಿದ್ದು 31 ಮಾತ್ರ. 70 ಕಿಲೋ ತೂಗುವವರಿಗೆ ಈ ಗುರಿ ಎಂದರೆ 5 ಕಿಲೋ. ಚೆನ್ನೈಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಮ್ಮ ಜನರ ಮೇಲೆಯೇ ನಡೆಸಿದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು. ಮೂರು ವರ್ಷದಲ್ಲಿ, ವಿಶೇಷ ಸಲಹೆ ಇಲ್ಲದವರಲ್ಲಿ ನೂರಕ್ಕೆ 55 ಜನರಿಗೆ ರೋಗ ಬಂತು. ಊಟ ತಿದ್ದಿಕೊಂಡು ನಡೆದವರಲ್ಲಿ 39 ಜನರಿಗೆ. ವಿಶೇಷವೆಂದರೆ ಇವರ ತೂಕ ಹೇಳುವಷ್ಟು ಇಳಿದಿರಲಿಲ್ಲ. ತಕ್ಕಡಿ ಮುಳ್ಳು ಅಲುಗದಿದ್ದರೂ ನಡೆದದ್ದು ವ್ಯರ್ಥವಾಗದು.

ಇನ್ನು ಪ್ರಸಾದದ ವಿಷಯ. ಪ್ರಸಾದ ಚೆಲ್ಲಬಾರದೆಂಬುದು ನಮ್ಮ ನಿಷ್ಠೆ. ಅದರ ಅರ್ಥ, ನೀಡಿದ್ದನ್ನೆಲ್ಲ ಹೊಟ್ಟೆಗೆ ತುಂಬಬೇಕೆಂದಲ್ಲ, ಬೇಕಾದಷ್ಟನ್ನೇ ನೀಡಿಸಿಕೊಳ್ಳಬೇಕೆಂದು. ಬೇಡವೆಂದು ಕೈ ಅಡ್ಡ ಹಿಡಿದ ಬೀಗರ ತಾಟಿಗೆ ಇನ್ನೊಂದು ಹೋಳಿಗೆ ಜಾರಿಸುವುದು ದಾಸೋಹವಲ್ಲ. ಬೇಡಿದವನಿಗೆ ಇಲ್ಲವೆನ್ನದಿರುವುದು ದಾಸೋಹ; ಬೇಡವೆಂದವನ ಮಾತು ಮನ್ನಿಸುವುದೂ ದಾಸೋಹವೇ. ಜೋಳದ ರೊಟ್ಟಿ ಮೈದಾಕ್ಕಿಂತ ಮೇಲು, ನಿಜ; ಆದರೆ ಅದಕ್ಕೂ ಲೆಕ್ಕ ಬೇಕು. ಬೆಲ್ಲ ಸಕ್ಕರೆಯ ಅಣ್ಣ. ಅದಕ್ಕೆ ರಿಯಾಯಿತಿ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳೊಡನೆ ದಿನಕ್ಕೆ 8 ಚಹಾ, ಒಂದಕ್ಕೆ 2 ಚಮಚ, ಚಮಚಕ್ಕೆ 4 ಗ್ರಾಂ ಸಕ್ಕರೆ ಹಿಡಿದರೆ ತಿಂಗಳಿಗೆ ಹತ್ತಿರ ಹತ್ತಿರ 2 ಕಿಲೋ. ಇದು ಯಾವ ಕಿರ್ದಿಯಲ್ಲೂ ಬರೆಯದ ಜಮಾ.

ಭಕ್ತರು ಈ ನಾಲ್ಕು ನೇಮ ಹಿಡಿಯಲೆಂದು ಪ್ರಾರ್ಥನೆ. ಒಂದು, ದಿನಕ್ಕೆ ಅರ್ಧ ತಾಸು ಚುರುಕಾಗಿ ನಡೆಯಿರಿ. ಎರಡು, ಹೊಲದಲ್ಲಿ, ಅಂಗಡಿಯಲ್ಲಿ ಒಂದಾದರೂ ಮೈಗೆಲಸ ನಿಮ್ಮ ಕೈಯಲ್ಲೇ ಇರಲಿ. ಮೂರು, ತಿಂಗಳಿಗೊಮ್ಮೆ ಸೊಂಟ ಅಳೆದು ಬರೆದಿಡಿರಿ. ನಾಲ್ಕು, ಮೂವತ್ತು ದಾಟಿದವರು ಬರಿಹೊಟ್ಟೆಯ ರಕ್ತ ಪರೀಕ್ಷೆ ಮಾಡಿಸಿರಿ. 100ರ ಒಳಗಿದ್ದರೆ ಸರಿ, 126 ಮುಟ್ಟಿದರೆ ಮತ್ತೊಮ್ಮೆ ಪರೀಕ್ಷಿಸಿ ಡಾಕ್ಟರರನ್ನು ಕಾಣಿರಿ.

ಈಗಾಗಲೇ ಕಾಯಿಲೆ ಇದ್ದವರು ನಡಿಗೆ ಶುರುವಾಯಿತೆಂದು ಮಾತ್ರೆ, ಇಂಜೆಕ್ಷನ್ ಬಿಡಬಾರದು. ಶ್ರಾವಣದ ಉಪವಾಸವನ್ನು ಡಾಕ್ಟರರನ್ನು ಕೇಳದೆ ಹಿಡಿಯಬಾರದು. ಸಕ್ಕರೆ ಒಮ್ಮೆಲೇ ಇಳಿದರೆ ಜೀವಕ್ಕೇ ಅಪಾಯ. ಬರಿಗಾಲಲ್ಲಿ ಹೊಲಕ್ಕೆ ಹೋಗಬಾರದು. ರಾತ್ರಿ ಪಾದ ನೋಡಿಕೊಂಡು ಮಲಗಬೇಕು. ಮತ್ತು ಬೇನೆ ಬಂದವರನ್ನು "ತಿಂದು ತಂದುಕೊಂಡರು" ಎಂದು ಯಾರೂ ಹಳಿಯಬಾರದು. ವಂಶದಿಂದ ಬಂದದ್ದೂ ಉಂಟು, ದುಡಿದು ಬಡಕಲಾದವರಿಗೆ ಬಂದದ್ದೂ ಉಂಟು. ಅವರ ಜೊತೆ ನಾಲ್ಕು ಹೆಜ್ಜೆ ನಡೆಯುವುದು ನಮ್ಮ ಕೆಲಸ.

ಸೊಲ್ಲಾಪುರದ ಸಂಕ್ರಾಂತಿ ಜಾತ್ರೆಯಲ್ಲಿ ನಂದಿಧ್ವಜ ಹೊತ್ತು 68 ಲಿಂಗಗಳ ದರ್ಶನಕ್ಕೆ ನಡೆಯುವವರನ್ನು ನೀವೆಲ್ಲ ಕಂಡಿದ್ದೀರಿ. ಆ ಭಾರ ಒಂದು ದಿನದ ಉತ್ಸಾಹಕ್ಕೆ ಏಳುವುದಲ್ಲ. ಮೊದಲಿನಿಂದ ಅಭ್ಯಾಸ ಮಾಡಿದ ಹೆಗಲಿಗೆ ಏಳುತ್ತದೆ. ಕೆರೆ ಕಟ್ಟುವುದನ್ನೇ ಶಿವಯೋಗವೆಂದು ಕಂಡ ಸಿದ್ಧರಾಮೇಶ್ವರರ ನೆಲದವರು ನಾವು. ನಾಳೆ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಗಾಡಿಯ ಕೀಲಿಯನ್ನು ಗೂಟಕ್ಕೇ ಬಿಟ್ಟು, ಹೊಲದ ತನಕ ನಡೆದೇ ಹೋಗಿರಿ.

ಶರಣು ಶರಣಾರ್ಥಿ.

— ಕಾರ್ಯದರ್ಶಿ, ಶ್ರೀಮಠ