ಮೂರನೆಯ ಪಟ್ಟಿಯ ಮಕ್ಕಳು

ನಮ್ಮ ಕುಮಟಾ, ಹೊನ್ನಾವರದ ಕಡೆ ಒಬ್ಬ ಮಾಸ್ತರರು ತರಗತಿ ಬಿಟ್ಟು ಆಫೀಸು ಸೇರಿ, ಕಂಪ್ಯೂಟರು, ಆ್ಯಪು, ತರಬೇತಿಗಳ ಉಸ್ತುವಾರಿ ಹೊತ್ತರೆ "ಮಾಸ್ತರ್ರು ಮೇಲೆ ಹೋದ್ರು" ಅನ್ನುತ್ತಾರೆ. ಈ ಮಾತನ್ನು ತಡೆದು ಕೇಳಬೇಕು. ಮೇಲೆ ಅಂದರೆ ಎಲ್ಲಿಗೆ? ಯಾರನ್ನು ಕೆಳಗೆ ಬಿಟ್ಟು?

ಗೌರೀಶ ಕಾಯ್ಕಿಣಿಯವರು (1912-2002) ಗೋಕರ್ಣದ ಭದ್ರಕಾಳಿ ಹೈಸ್ಕೂಲಿನ ಮಾಸ್ತರರಾಗಿದ್ದುಕೊಂಡೇ ಲೋಕದ ವಿಚಾರಗಳನ್ನು ಕನ್ನಡಕ್ಕೆ ತಂದರು. ಅವರ ಎತ್ತರಕ್ಕೆ ಹುದ್ದೆಯ ಏಣಿ ಬೇಕಾಗಲಿಲ್ಲ. ಹಾಗೆಂದು ಯಂತ್ರ ಯಾಕೆ, ಬಳಪ ಸಾಕು ಅನ್ನುವುದು ಉಳ್ಳವರ ವೇದಾಂತ. ತಮ್ಮ ಮಕ್ಕಳಿಗೆ ಕಂಪ್ಯೂಟರು ಕೊಡಿಸಿ ನಮ್ಮ ಮಕ್ಕಳಿಗೆ ಸರಳತೆ ಬೋಧಿಸುವವರನ್ನು ನಂಬಬಾರದು. ಬಾಲಕ ಅಂಬೇಡ್ಕರರು ಗೋಣಿತಟ್ಟು ಹೊತ್ತು ಸಾಲೆಗೆ ಹೋದವರು. ಜವಾನ ಇಲ್ಲದ ದಿನ ಅವರಿಗೆ ನೀರಿಲ್ಲ. ನಲ್ಲಿಯಿತ್ತು, ನಲ್ಲಿಯಲ್ಲಿ ನೀರೂ ಇತ್ತು. ಅದನ್ನು ತಿರುಗಿಸುವ ಕೈ ಯಾರದು ಎಂಬುದೇ ಪ್ರಶ್ನೆಯಾಗಿತ್ತು. ಇಂದು ಯಂತ್ರದ ಪ್ರಶ್ನೆಯೂ ಅದೇ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಹಳ್ಳಿಮನೆಗಳಲ್ಲಿ ಶೇಕಡಾ 4.4ರಲ್ಲಿ ಕಂಪ್ಯೂಟರು, ಶೇಕಡಾ 14.9ರಲ್ಲಿ ಇಂಟರ್ನೆಟ್ ಇತ್ತು. 2020ರ ಮಾರ್ಚಿನಲ್ಲಿ ಕೊರೋನಾ ಸಾಲೆಗೆ ಬೀಗ ಹಾಕಿಸಿತು. ಆಗಸ್ಟಿನಲ್ಲಿ ರಾಜ್ಯ ಸರ್ಕಾರ 'ವಿದ್ಯಾಗಮ' ತಂದಿತು. ಮಕ್ಕಳದು ಮೂರು ಪಟ್ಟಿ: ಇಂಟರ್ನೆಟ್ ಫೋನಿನವರು, ಬರೀ ಫೋನಿನವರು, ಏನೂ ಇಲ್ಲದವರು. ಹುಟ್ಟಿನ ಪಂಕ್ತಿಭೇದಕ್ಕೆ ಫೋನಿನ ಪಂಕ್ತಿಭೇದ ಸೇರಿತು ಅನ್ನಬಹುದು. ಆದರೆ ಮಾಸ್ತರರು, ಅಕ್ಕೋರು ಆ ಮೂರನೆಯ ಪಟ್ಟಿ ಹಿಡಿದು ಕೇರಿಗೆ ನಡೆದರು. ಗುಡಿಯ ಜಗಲಿ, ಮರದ ನೆರಳು ಸಾಲೆಯಾಯಿತು. ಸೋಂಕು ತಗುಲಿ ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದು ಮಾತಂತೂ ಸ್ಪಷ್ಟವಾಯಿತು: ಪಟ್ಟಿ ಮಾಡುವುದು ಪಾಪವಲ್ಲ. ಪಟ್ಟಿ ಮಾಡಿದ ಮೇಲೆ ಕಾಲು ಯಾವ ಕಡೆ ನಡೆಯುತ್ತದೆ ಎಂಬುದೇ ನೀತಿ.

ಅಘನಾಶಿನಿಯ ಅಳಿವೆಯಲ್ಲಿ ಇಳಿತ ನೋಡಿ ಬಳಚು ಹೆಕ್ಕಲು ಹೋಗುವ ತಾಯಂದಿರಿದ್ದಾರೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಸರಿಯುತ್ತದೆ. ಸಾಲೆಯ ಗಂಟೆ ಸರಿಯುವುದಿಲ್ಲ. ತಾಯಿ ನೀರಿಗಿಳಿದ ಹೊತ್ತಿನಲ್ಲಿ ತಂಗಿಯನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿದ ಹುಡುಗಿ ಪರದೆಯ ಮೇಲೆ ಬರೀ 'ಗೈರು'. ಆಫೀಸಿಗೆ ಕಾಣುವುದು ಅಂಕಿ. ಕಾರಣ ಗೊತ್ತಿರುವುದು ಅವಳ ಹೆಸರು ಹಿಡಿದು ಕರೆಯುವ ಅಕ್ಕೋರಿಗೆ.

ಹಾಗಾದರೆ ಹತ್ತಿರದವರೆಲ್ಲ ಒಳ್ಳೆಯವರೇ? ಅಲ್ಲ. ಹೆಸರು, ಜಾತಿ ಎರಡೂ ಗೊತ್ತಿದ್ದ ಮಾಸ್ತರರೇ ನಮ್ಮನ್ನು ಹಿಂದಿನ ಬೆಂಚಿಗೆ ದೂಡಿದ ಚರಿತ್ರೆ ನಮ್ಮದು. ಅಂಥ ಕಡೆ ದೂರದ ಅಂಕಿಯೇ ಸಾಕ್ಷಿ ಹೇಳಬಲ್ಲದು. ಯಾವ ಕೇರಿಯ ಮಕ್ಕಳು ಸಾಲೆ ಬಿಡುತ್ತಿದ್ದಾರೆ ಎಂಬುದನ್ನು ಒಬ್ಬ ಮಾಸ್ತರ ಮುಚ್ಚಿಟ್ಟರೂ ಲೆಕ್ಕ ತೋರಿಸುತ್ತದೆ. ಆದ್ದರಿಂದ ಯಂತ್ರವೂ ಬೇಕು, ಅದರ ಉಸ್ತುವಾರಿಯೂ ಬೇಕು.

ಆದರೆ ಇಂದು ಲೆಕ್ಕ ಕೆಳಗಿಂದ ಮೇಲೆ ಹೋಗುತ್ತದೆ, ಆದೇಶ ಮೇಲಿಂದ ಕೆಳಗೆ ಬರುತ್ತದೆ. ಪ್ರಶ್ನೆ ಮೇಲೆ ಹೋಗುವ ದಾರಿಯಿಲ್ಲ. ಹುಡುಗಿ 'ಗೈರು' ಎಂದು ಅಕ್ಕೋರು ಬರೆದ ದಿನವೇ, ಕೂಸನ್ನು ನೋಡಿಕೊಳ್ಳಲು ಅಂಗನವಾಡಿ ಯಾಕೆ ಆ ಹೊತ್ತಿಗೆ ತೆರೆದಿರಲಿಲ್ಲ ಎಂದು ಅವರು ಕೇಳುವಂತಿರಬೇಕು. ಮೇಲೆ ಕೂತವರು ಉತ್ತರಿಸಬೇಕು. ಉತ್ತರಿಸದವರು ಮೇಲೆ ಹೋದವರಲ್ಲ, ಮಕ್ಕಳಿಂದ ದೂರ ಹೋದವರು.